ಯೀಸ್ಟ್ ಬಾಟ್ಲಿಗೆ ಸೊಳ್ಳೆ ಬೀಳ್ತಿಲ್ಲ, ಹುಲ್ಲು ಸೊಪ್ಪಿಂದ ಸೊಳ್ಳೆ ಸೆಳೆಯೋ ಟ್ರ್ಯಾಪ್ ಮಾಡಿದವ್ರು ಯಾರಾದ್ರೂ ಇದ್ದೀರಾ?

ತೋಟದಂಚು:

ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ಕಡೆ, ಮನೆ ಸುತ್ತ ಅಡಿಕೆ ತೋಟ, ಹಿಂದ್ಗಡೆ ಕೊಟ್ಟಿಗೆ. ಹೋದ ಮಳೆಗಾಲದಲ್ಲಿ ಅಮ್ಮಂಗೆ ಡೆಂಗ್ಯೂ ಆಗಿ ಪ್ಲೇಟ್‌ಲೆಟ್ ಇಳಿದು ಆರು ದಿನ ಆಸ್ಪತ್ರೇಲಿ ಇದ್ವಿ, ಅವ್ರಿಗೆ ಇವತ್ತಿಗೂ ಮೆಟ್ಲು ಹತ್ತಿದ್ರೆ ಸುಸ್ತು. ಆ ಆರು ದಿನ ನಾನು ಮರೆಯಲ್ಲ. ಅದಕ್ಕೇ ಈ ಸಲ ಮಳೆ ಹಿಡಿಯೋ ಮುಂಚೆನೇ ಏನಾದ್ರೂ ಮಾಡ್ಲೇಬೇಕು ಅಂತ ಕೂತಿದೀನಿ.

ವಿಡಿಯೋ ನೋಡಿ ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟ್ಲಿ ಅರ್ಧಕ್ಕೆ ಕತ್ತರಿಸಿ, ಬಾಯಿ ಇರೋ ಭಾಗನ ತಲೆಕೆಳಗೆ ಮಾಡಿ ಒಳಗೆ ಕೂರಿಸಿ, ಬೆಚ್ಚಗಿನ ನೀರಿಗೆ ಬೆಲ್ಲ, ಯೀಸ್ಟ್ ಹಾಕಿ, ಸುತ್ತ ಕಪ್ಪು ಕಾಗದ ಸುತ್ತಿ ನಾಲ್ಕು ಕಡೆ ಇಟ್ಟೆ. ನಾಲ್ಕು ದಿನ ಬಿಟ್ಟು ನೋಡಿದ್ರೆ ಹಣ್ಣಿನ ನೊಣ ರಾಶಿ, ಕಟ್ಟಿರುವೆ, ಒಂದು ಪತಂಗ, ಸೊಳ್ಳೆ ಬರೀ ಎರಡು. ಜಗಲೀಲಿ ಆ ಬಾಟ್ಲಿ ಪಕ್ಕದಲ್ಲೇ ಕೂತು ಅಡಿಕೆ ಸುಲಿತಿದ್ದ ನಮ್ಮ ಕಾಲಿಗೆ ಮಾತ್ರ ಸಂಜೆ ನಾಲ್ಕರಿಂದ ಬಿಡದೆ ಕಚ್ಚಿದಾವೆ.

ಹಂಗಾಗಿ ಕೇಳ್ತಿರೋದು, ನಮ್ಮ ಕಡೆ ಸಿಗೋ ಯಾವ ಹೂವು, ಸೊಪ್ಪು, ಹಣ್ಣಿಗೆ ಸೊಳ್ಳೆ ಬರುತ್ತೆ? ಒಬ್ರು ಹೇಳಿದ್ರು ಪೇರಲೆ ಹಣ್ಣಿನ ರಸಕ್ಕೆ ಸಕ್ರೆ, ಕೇರಂ ಬೋರ್ಡಿಗೆ ಹಾಕೋ ಬೋರಿಕ್ ಪೌಡರ್ ಕಲಸಿ ಗಿಡಕ್ಕೆ ಹೊಡೀರಿ ಅಂತ. ಆದ್ರೆ ನಂದು ಎರಡು ತುಡುವೆ ಜೇನು ಪೆಟ್ಟಿಗೆ ಇದೆ, ಅದಕ್ಕೇ ಹೆದರಿಕೆ. ಮಾಡಿ ನೋಡಿದವ್ರು ದಯವಿಟ್ಟು ಹೇಳಿ.

ರೆಕ್ಕೆ_ಮೀಸೆ:

ಅಣ್ಣ, ಮೊದ್ಲು ಬೋರಿಕ್ ವಿಷ್ಯ. ಅದನ್ನ ಹೊಡೀಲೇಬೇಡಿ. ಅದು ಸುಳ್ಳು ಉಪಾಯ ಅಲ್ಲ, ಮಾಲಿ ದೇಶದಲ್ಲಿ ಪೇರಲೆ, ಕರಬೂಜ ಥರದ ಹಣ್ಣಿನ ರಸಕ್ಕೆ ಬೋರಿಕ್ ಆಸಿಡ್ ಸೇರಿಸಿ ಗಿಡಕ್ಕೆ ಸಿಂಪಡಿಸಿ ಮಲೇರಿಯಾ ಸೊಳ್ಳೆ ತುಂಬಾ ಕಮ್ಮಿ ಮಾಡಿದ್ರು, 2010ರಲ್ಲಿ ಅದರ ಪೇಪರ್ ಬಂತು. ಗಂಡು ಹೆಣ್ಣು ಎರಡೂ ಸೊಳ್ಳೆ ಹೂವಿನ ಸಿಹಿ ಕುಡಿದೇ ಬದುಕೋದು, ರಕ್ತ ಬೇಕಾಗೋದು ಹೆಣ್ಣಿಗೆ ಮೊಟ್ಟೆ ಬಲಿಯೋಕೆ ಮಾತ್ರ, ಅದಕ್ಕೇ ಸಿಹಿ ವಿಷ ಕೆಲಸ ಮಾಡುತ್ತೆ. ಆದ್ರೆ ಸಿಹಿಗೆ ಸೊಳ್ಳೆ ಒಂದೇ ಬರಲ್ವಲ್ಲ, ತೆರೆದ ಸಕ್ರೆ ನೀರಿಗೆ ನಿಮ್ಮ ತುಡುವೆನೇ ಮೊದ್ಲು ಬಂದು ಕೂರುತ್ತೆ. ಆಮೇಲೆ ಬಂದ ಮಾದರಿಗಳಲ್ಲಿ ಸಿಹಿ ವಿಷನ ತೆಳು ಪೊರೆ ಒಳಗಿಟ್ಟಿರ್ತಾರೆ, ಸೊಳ್ಳೆ ಅದರ ಮೂತಿ ಚುಚ್ಚಿ ಹೀರುತ್ತೆ, ಜೇನಿಗೆ ಆಗಲ್ಲ. ಅದನ್ನ ಮನೇಲಿ ಮಾಡಕ್ಕೆ ಬರಲ್ಲ.

ಯೀಸ್ಟ್ ಬಾಟ್ಲಿ ಯಾಕೆ ಕೈ ಕೊಡ್ತು ಅಂದ್ರೆ, ಬೆಲ್ಲ ಹುಳಿ ಬಂದಾಗ ಇಂಗಾಲದ ಡೈಆಕ್ಸೈಡ್ ಬರೋದು ನಿಜ, ಅದು ಸೊಳ್ಳೆಗೆ ದೂರದಿಂದ "ಇಲ್ಲಿ ಯಾವ್ದೋ ಪ್ರಾಣಿ ಇದೆ" ಅಂತ ಹೇಳುತ್ತೆ. ಹತ್ರ ಬಂದ್ಮೇಲೆ ಅದು ಹುಡುಕೋದು ಮೈ ಬಿಸಿ, ಬೆವರು, ಚರ್ಮದ ವಾಸನೆ. ಬಾಟ್ಲೀಲಿ ಅದ್ಯಾವ್ದೂ ಇಲ್ಲ, ಪಕ್ಕದಲ್ಲಿ ನೀವೇ ಕಾಲು ಚಾಚಿ ಕೂತಿದೀರಿ. ಲ್ಯಾಬಲ್ಲಿ ಬಳಸೋ ಟ್ರ್ಯಾಪಲ್ಲಿ ಫ್ಯಾನ್ ಇರುತ್ತೆ, ಹತ್ರ ಬಂದ ಸೊಳ್ಳೆನ ಎಳ್ಕೊಳುತ್ತೆ, ಬಾಟ್ಲೀಲಿ ಎಳ್ಕೊಳೋರು ಯಾರು? ಜೊತೆಗೆ ಒಂದೆರಡು ದಿನಕ್ಕೆ ಗ್ಯಾಸ್ ಬರೋದೂ ಇಳಿದುಹೋಗುತ್ತೆ.

ನನ್ನ ಎಂಎಸ್ಸಿ ಪ್ರಾಜೆಕ್ಟ್ ಇದೇ ಆಗಿತ್ತು, ಅದಕ್ಕೇ ಒಂದು ಮಾತು ಒತ್ತಿ ಹೇಳ್ತೀನಿ. ಹಸಿದ ಸೊಳ್ಳೆನ ಹಿಡಿಯೋ ಆಸೆ ಬಿಡಿ, ಬಸುರಿ ಸೊಳ್ಳೆನ ಹಿಡೀರಿ. ರಕ್ತ ಕುಡಿದು ಮೂರ್ನಾಲ್ಕು ದಿನ ಆದ ಹೆಣ್ಣು ಮೊಟ್ಟೆ ಇಡೋಕೆ ಜಾಗ ಹುಡುಕ್ತಿರುತ್ತೆ, ಆಗ ಅದನ್ನ ಕರೆಯೋ ವಾಸನೆ ಹೂವಿಂದಲ್ಲ, ಕೊಳೆತ ಹುಲ್ಲಿನ ನೀರಿಂದು. ನಮ್ಮ ಅಂಗಳದ ಗರಿಕೆನೇ ಸಾಕು. ಗರಿಕೆ ನೀರಲ್ಲಿ ಕೊಳೆತಾಗ ಬ್ಯಾಕ್ಟೀರಿಯಾ ಸೇರಿ ಫಿನಾಲ್, ಇಂಡೋಲ್, ಸ್ಕ್ಯಾಟೋಲ್ ಥರದ ವಸ್ತುಗಳು ಬರ್ತವೆ, ಚರಂಡಿ ಸೊಳ್ಳೆ ಆ ವಾಸನೆಗೆ ಬರೋದನ್ನ ಅಮೆರಿಕಾದವ್ರು 1992ರಲ್ಲೇ ತೋರಿಸಿದಾರೆ. ಡೆಂಗ್ಯೂ ಸೊಳ್ಳೆಗೂ ಹುಲ್ಲಿನ ನೀರು ಇಷ್ಟ, ಪೋರ್ಟೊರಿಕೋದಲ್ಲಿ 1991ರ ಪ್ರಯೋಗದಲ್ಲಿ ಗಟ್ಟಿ ಹುಲ್ಲಿನ ನೀರು ಒಂದರಲ್ಲಿ, ಹತ್ತರಲ್ಲಿ ಒಂದು ಭಾಗಕ್ಕೆ ತೆಳು ಮಾಡಿದ್ದು ಇನ್ನೊಂದರಲ್ಲಿ ಇಟ್ಟು ಜೋಡಿ ಮಾಡಿದಾಗ ಸಾದಾ ನೀರಿನ ಟ್ರ್ಯಾಪ್‌ಗಿಂತ ಸುಮಾರು ಎಂಟು ಪಟ್ಟು ಮೊಟ್ಟೆ ಬಿತ್ತು. ಗಿನಿ ಹುಲ್ಲು, ಗೇರು ಎಲೆ ಕೊಳೆಸಿದ ನೀರನ್ನ ಬ್ರೆಜಿಲ್‌ನಲ್ಲಿ ನೋಡಿದಾರೆ, ಅದಕ್ಕೂ ಬರುತ್ತೆ.

ನಾನು ಮಾಡ್ತಿದ್ದ ರೀತಿ: ಒಣಗಿದ ಗರಿಕೆ ಎರಡು ಹಿಡಿ, ಅರ್ಧ ಬಕೆಟ್ ನೀರು, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ (ಇಲ್ಲಾಂದ್ರೆ ಅದರೊಳಗೇ ಮರಿ ಆಗುತ್ತೆ) ಒಂದು ವಾರ ನೆರಳಲ್ಲಿ ಇಡೋದು, ಆಮೇಲೆ ಸೋಸೋದು. ವಾಸನೆ ಕೊಟ್ಟಿಗೆ ಗಂಜಲದ ಥರ ಬರಬೇಕು. ಒಂದು ಲೋಟ ರಸಕ್ಕೆ ಒಂಬತ್ತು ಲೋಟ ನೀರು. ಜಾಸ್ತಿ ಗಟ್ಟಿ ಇದ್ರೆ ಡೆಂಗ್ಯೂ ಸೊಳ್ಳೆ ಹತ್ರಕ್ಕೆ ಬಂದು ವಾಪಸ್ ಹೋಗುತ್ತೆ. ಕಪ್ಪು ಬಳಿದ ಒಂದು ಲೀಟರ್ ಡಬ್ಬ, ಅರ್ಧಕ್ಕಿಂತ ಸ್ವಲ್ಪ ಮೇಲೆ ಒಂದು ತೂತು, ಮಳೆ ಬಂದ್ರೆ ಹೆಚ್ಚಿನ ನೀರು ಅಲ್ಲಿಂದ ಹೋಗ್ಲಿ. ಒಳಗೋಡೆಗೆ ಸುತ್ತ ಒರಟು ಬಟ್ಟೆ, ಅರ್ಧ ನೀರಲ್ಲಿ ಮುಳುಗಿರಬೇಕು, ಸೊಳ್ಳೆ ಮೊಟ್ಟೆ ಇಡೋದು ಆ ಬಟ್ಟೆ ಮೇಲೆ. ನೆಲದ ಮೇಲೆ, ನೆರಳಲ್ಲಿ, ಗಾಳಿ ಹೊಡೀದೇ ಇರೋ ಕಡೆ ಇಡಿ.

ಮಲೆನಾಡ_ಹಿರಿಯ:

ಮೇಲಿನವ್ರು ಸರಿಯಾಗಿ ಹೇಳಿದಾರೆ, ಆದ್ರೆ ನಾನು ಮೂವತ್ತು ವರ್ಷ ಮನೆಮನೆ ಲಾರ್ವಾ ಸರ್ವೆ ಮಾಡಿದವ್ನು, ಒಂದು ಎಚ್ಚರಿಕೆ ಹೇಳ್ದೆ ಇರೋಕಾಗಲ್ಲ. ಮೊಟ್ಟೆಯಿಂದ ರೆಕ್ಕೆ ಬಂದು ಹಾರೋಕೆ ಬೆಚ್ಚಗಿನ ದಿನದಲ್ಲಿ ಏಳರಿಂದ ಹತ್ತು ದಿನ ಸಾಕು. ನೀವು ಡಬ್ಬ ಇಟ್ಟು ಮದುವೆ ಮನೆಗೆ ಹೋಗಿ ಎರಡು ವಾರ ಬಿಟ್ಟು ಬಂದ್ರೆ ಅದು ಟ್ರ್ಯಾಪ್ ಅಲ್ಲ, ಸೊಳ್ಳೆ ತೊಟ್ಟಿಲು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ಅಂತ ಘೋಷಿಸಿದಾಗ ಮನೆ ಹತ್ರ ಸೊಳ್ಳೆ ಹುಟ್ಟೋಕೆ ಬಿಟ್ರೆ ಹಳ್ಳೀಲಿ 200, ಪಟ್ಟಣದಲ್ಲಿ 400 ರೂಪಾಯಿ ದಂಡ ಅಂತಲೂ ಮಾಡ್ತು, ಮರೆತ ಡಬ್ಬಕ್ಕೂ ಅದೇ ಲೆಕ್ಕ.

ಆದ್ರಿಂದ ಡಬ್ಬ ಖಾಲಿ ಮಾಡೋಕೆ ವಾರಕ್ಕೊಂದು ದಿನ ಗಟ್ಟಿ ಮಾಡ್ಕೊಳ್ಳಿ, ಅದು ಒಂದು ದಿನಾನೂ ಮುಂದೆ ಹೋಗಬಾರದು. ನೀರನ್ನ ಚರಂಡಿಗೆ ಚೆಲ್ಬೇಡಿ, ಬಿಸಿಲು ಬೀಳೋ ಒಣ ಮಣ್ಣಿಗೆ ಚೆಲ್ಲಿ. ಬಟ್ಟೆನ ಒಣಗಿಸಿಟ್ರೆ ಮುಗೀತು ಅನ್ಕೋಬೇಡಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ನೀರಿಲ್ದೆ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರುತ್ತೆ, ಮುಂದಿನ ಮಳೆಗೆ ನೆನೆದ ಕೂಡ್ಲೇ ಒಡೆಯುತ್ತೆ. ಕುದಿಯೋ ನೀರಲ್ಲಿ ಅದ್ದಿ ತೆಗೀರಿ, ಡಬ್ಬದ ಗೋಡೆನೂ ತೆಂಗಿನ ನಾರಲ್ಲಿ ತಿಕ್ಕಿ.

ಇನ್ನೊಂದು, ತೋಟದಲ್ಲಿ ಬಿದ್ದಿರೋ ಒಂದೊಂದು ಅಡಿಕೆ ಹಾಳೆನೂ ಒಂದೊಂದು ಟ್ರ್ಯಾಪೇ, ಮೊಟ್ಟೆ ನಾಶ ಮಾಡೋರು ಇಲ್ದಿರೋ ಟ್ರ್ಯಾಪ್. ತೋಟದಲ್ಲಿ ಹಗಲು ಕಚ್ಚೋದು ಹೆಚ್ಚಾಗಿ ಬೆನ್ನ ಮೇಲೆ ಒಂದೇ ಬಿಳಿ ಗೆರೆ ಇರೋ ಹುಲಿ ಸೊಳ್ಳೆ, ಅದಕ್ಕೆ ಹಾಳೇಲಿ ನಿಂತ ಒಂದು ಲೋಟ ನೀರು ಸಾಕು. ದಕ್ಷಿಣ ಕನ್ನಡದಲ್ಲಿ 2008ರಲ್ಲಿ ಚಿಕೂನ್‌ಗುನ್ಯಾ ಬಂದಾಗ ತೋಟದ ಹಾಳೆ, ರಬ್ಬರ್ ಹಾಲು ಹಿಡಿಯೋ ಕಪ್ ನೋಡಿ ನೋಡಿ ಸಾಕಾಗಿತ್ತು. ಹಾಳೆ ಕವುಚಿ ಹಾಕ್ದೆ ಎಂಟು ಡಬ್ಬ ಇಟ್ರೆ ಸೊಳ್ಳೆ ನಿಮ್ಮ ಡಬ್ಬಕ್ಕೇ ಯಾಕ್ರೀ ಬರ್ಬೇಕು? ಒಂದು ಸೊಳ್ಳೆ ಇರೋ ಮೊಟ್ಟೆನೆಲ್ಲ ಒಂದೇ ಕಡೆ ಇಡೋದೂ ಇಲ್ಲ, ನಾಲ್ಕಾರು ಕಡೆ ಹಂಚುತ್ತೆ.

ಕಾಮಕಸ್ತೂರಿ:

ನಮ್ಮಜ್ಜಿ ಲಕ್ಕಿಸೊಪ್ಪು, ಒಣ ಬೇವು ಹಾಕಿ ಕೊಟ್ಟಿಗೇಲಿ ಹೊಗೆ ಹಾಕ್ತಿದ್ರು, ದನಗಳು ಆರಾಮಾಗಿ ಮಲಗ್ತಿದ್ವು. ಆ ಸೊಪ್ಪನ್ನೇ ಡಬ್ಬದ ನೀರಿಗೆ ಹಾಕಿದ್ರೆ ಸೊಳ್ಳೆ ಬಂದು ಅಲ್ಲೇ ಸಾಯಲ್ವಾ?

ರೆಕ್ಕೆ_ಮೀಸೆ:

ಇಲ್ಲ ಅಕ್ಕ, ಅದು ಉಲ್ಟಾ ಆಗುತ್ತೆ. ಲಕ್ಕಿ, ಬೇವು, ಮಜ್ಜಿಗೆ ಹುಲ್ಲು ಇವೆಲ್ಲ ಸೊಳ್ಳೆನ ಓಡಿಸೋವು. ಓಡಿಸೋ ವಾಸನೆ ಡಬ್ಬಕ್ಕೆ ಹಾಕಿದ್ರೆ ಅದು ಡಬ್ಬ ಬಿಟ್ಟು ನಿಮ್ಮ ಹೂಕುಂಡದ ತಟ್ಟೆಗೆ ಹೋಗಿ ಮೊಟ್ಟೆ ಇಡುತ್ತೆ. ಅಜ್ಜಿ ಹೊಗೆ ಹಾಕಿದ್ದು ದನ ಮಲಗೋ ಜಾಗಕ್ಕೆ, ಅದು ಸರಿಯಾಗೇ ಇತ್ತು. ಮನುಷ್ಯರು, ದನ ಇರೋ ಕಡೆ ಓಡಿಸೋ ಸೊಪ್ಪು, ತೋಟದ ಅಂಚಲ್ಲಿ ಕರೆಯೋ ಹುಲ್ಲು, ಎರಡಕ್ಕೂ ನಡುವೆ ದೂರ ಇರ್ಲಿ. ಡಬ್ಬದ ನೀರಲ್ಲಿ ಮರಿ ಸಾಯ್ಲೇಬೇಕು ಅಂದ್ರೆ ಬಿಟಿಐ ಪುಡಿ ಇದೆ, ಅದೊಂದು ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲ್‌ನ ಮರುಭೂಮಿ ಕಡೆ ಸಿಕ್ಕಿದ್ದು, ನಮ್ಮ ಪುದುಚೇರಿಯ ವಿಸಿಆರ್‌ಸಿಯವ್ರು (ಸೊಳ್ಳೆ ಥರ ರೋಗ ಹರಡೋ ಕೀಟಗಳ ಸಂಶೋಧನಾ ಕೇಂದ್ರ) ಇಲ್ಲಿಯ ತಳಿನೇ ಬೆಳೆಸಿದಾರೆ. ಸೊಳ್ಳೆ ಮರಿ ಅದನ್ನ ತಿಂದು ಸಾಯುತ್ತೆ, ಜೇನಿಗೆ, ದನಕ್ಕೆ, ಮೀನಿಗೆ ತೊಂದರೆ ಇಲ್ಲ. ಆದ್ರೂ ವಾರಕ್ಕೊಮ್ಮೆ ಖಾಲಿ ಮಾಡೋದು ಬಿಡಬೇಡಿ.

ಸಾಗರದಾಚೆ:

ನಾನು ಸಿಂಗಪುರದಲ್ಲಿರೋದು, ಊರು ಸಾಗರ. ಇಲ್ಲಿ ಅಪಾರ್ಟ್‌ಮೆಂಟ್ ಕಾರಿಡಾರಲ್ಲಿ ಕಪ್ಪು ಡಬ್ಬ ಇಟ್ಟಿರ್ತಾರೆ, ಗ್ರಾವಿಟ್ರ್ಯಾಪ್ ಅಂತಾರೆ, ಮೊದ್ಲು ಏನೋ ಕಸದ ಡಬ್ಬ ಅನ್ಕೊಂಡಿದ್ದೆ. ಒಳಗೆ ಹುಲ್ಲಿನ ನೀರು, ಗೋಡೆಗೆ ಅಂಟು. ಮೊಟ್ಟೆ ಇಡೋಕೆ ಬಂದ ಸೊಳ್ಳೆನೇ ಅಂಟ್ಕೊಂಡುಬಿಡುತ್ತೆ, ಅಕಸ್ಮಾತ್ ಮೊಟ್ಟೆ ಇಟ್ರೂ ನೀರಿನ ಮೇಲೆ ಜಾಲರಿ ಇರೋದ್ರಿಂದ ಮರಿ ಬೆಳೆದು ಹೊರಗೆ ಬರೋಕಾಗಲ್ಲ. ಯಾವ ಬ್ಲಾಕಲ್ಲಿ ಎಷ್ಟು ಬಿತ್ತು ಅಂತ ಎಣಿಸಿ, ಎಲ್ಲಿ ಜಾಸ್ತಿ ಇದ್ಯೋ ಅಲ್ಲಿಗೆ ಹೋಗಿ ಹುಡುಕ್ತಾರೆ. ಅಣ್ಣ, ನೀವೂ ಎಣಿಸಿ, ಬರೆದಿಡಿ. ಮತ್ತೆ ಒಂದೇ ಮನೆಯಿಂದ ಆಗೋ ಕೆಲಸ ಅಲ್ಲ ಇದು, ಪೋರ್ಟೊರಿಕೋದಲ್ಲಿ ಇಂಥದ್ದೇ ಟ್ರ್ಯಾಪ್ ಮನೆಗೆ ಮೂರರಂತೆ ಊರಿನ ಬಹುಪಾಲು ಮನೇಲಿ ಇಟ್ಟಾಗ್ಲೇ ಸೊಳ್ಳೆ ಅರ್ಧಕ್ಕಿಂತ ಕಮ್ಮಿ ಆಗಿದ್ದು. ಈ ಸೊಳ್ಳೆ ಹಾರೋದೂ ಸುಮಾರು ನೂರಿನ್ನೂರು ಮೀಟರ್ ಒಳಗೇ, ಹಂಗಾಗಿ ಅಕ್ಕಪಕ್ಕದ ಮೂರ್ನಾಲ್ಕು ಮನೆ ಸೇರಿದ್ರೂ ವ್ಯತ್ಯಾಸ ಗೊತ್ತಾಗ್ಬೇಕು.

ಗ್ವಾಟೆಮಾಲಾದಲ್ಲಿ ಹಳೇ ಟಯರ್ ತುಂಡಲ್ಲೂ ಮಾಡಿದಾರೆ, 84 ಟ್ರ್ಯಾಪಲ್ಲಿ ತಿಂಗಳಿಗೆ 18 ಸಾವಿರದ ಮೇಲೆ ಮೊಟ್ಟೆ ನಾಶ ಮಾಡಿದ್ರಂತೆ. ಅವ್ರು ನೀರು ಚೆಲ್ಲಲ್ಲ, ಬಿಳಿ ಬಟ್ಟೇಲಿ ಸೋಸಿ ಅದೇ ನೀರನ್ನ ವಾಪಸ್ ಹಾಕ್ತಾರೆ, ಮೊದ್ಲು ಮೊಟ್ಟೆ ಬಿದ್ದ ನೀರಲ್ಲಿ ಉಳಿಯೋ ವಾಸನೆ ಬೇರೆ ಸೊಳ್ಳೆನ ಇನ್ನೂ ಕರೆಯುತ್ತೆ ಅಂತ.

ತೋಟದಂಚು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ತಡವಾಗಿ ಬರೀತಿದೀನಿ, ಮಾಡಿ ನೋಡಿ ಬರೆಯೋಣ ಅಂತ ನಾಲ್ಕು ವಾರ ಕಾದೆ.

ಎಂಟು ಡಬ್ಬ ಮಾಡ್ದೆ, ಹಳೇ ಪೇಂಟ್ ಡಬ್ಬ, ಒಳಗೆ ಅಕ್ಕಿ ಗೋಣಿ ಬಟ್ಟೆ ಪಟ್ಟಿ. ಗರಿಕೆ ನೀರು ಐದನೇ ದಿನಕ್ಕೇ ವಾಸನೆ ಬಂತು. ಮೊದಲ್ನೇ ಶುಕ್ರವಾರ ಬಟ್ಟೆ ಬಿಡಿಸಿ ನೋಡಿದ್ರೆ ನೀರಿನ ಗೆರೆಗಿಂತ ಒಂದು ಬೆರಳು ಮೇಲೆ ಸಾಲಾಗಿ ಕಪ್ಪು ಚುಕ್ಕೆ, ಗಸಗಸೆಗಿಂತ ಸಣ್ಣ, ಸ್ವಲ್ಪ ಉದ್ದ, ಪೆನ್ನಲ್ಲಿ ಚುಕ್ಕೆ ಇಟ್ಟಂಗೆ ಹೊಳೀತಿದ್ವು. ಅಮ್ಮ ಪೇಪರ್ ಓದೋ ಭೂತಗನ್ನಡಿ ತಂದು ಸೂಜಿ ತುದೀಲಿ ಒಂದೊಂದೇ ಸರಿಸಿ ಎಣಿಸಿದ್ರು. ಎಂಟು ಡಬ್ಬಕ್ಕೆ 371. "ಇಷ್ಟೂ ನಮ್ಮನೆ ಸುತ್ತಾನೇ ಹುಟ್ತಿತ್ತಾ" ಅಂತ ಅವ್ರು ಸುಮ್ನೆ ಕೂತ್ಬಿಟ್ರು.

ಆ ವಾರ ಇಡೀ ತೋಟದ ಹಾಳೆ ಎತ್ತಿದ್ವಿ, ಹಿತ್ಲಲ್ಲಿ ಬಿದ್ದಿದ್ದ ಹಳೇ ಒಳಕಲ್ಲಿಗೆ ಮಣ್ಣು ತುಂಬಿದ್ವಿ. ಎರಡನೇ ವಾರ 240, ಮೂರನೇದು 118. ಆದ್ರೆ ಬಾವಿ ಹತ್ರದ ಡಬ್ಬ ಒಂದ್ರಲ್ಲಿ ಮಾತ್ರ ಇಳೀಲೇ ಇಲ್ಲ, ಪ್ರತಿ ವಾರ ಎಪ್ಪತ್ತರ ಮೇಲೆ. ಸಾಗರದಾಚೆ ಹೇಳಿದ್ದು ನೆನಪಾಗಿ ಅದರ ಸುತ್ತ ಇಪ್ಪತ್ತು ಹೆಜ್ಜೆ ಹುಡುಕಿದ್ವಿ, ಏನೂ ಇಲ್ಲ. ಕೊನೆಗೆ ತಂಗಿ ಮಗಳು ಸೌದೆ ರಾಶಿ ಮೇಲೆ ಹೊದಿಸಿದ್ದ ಟಾರ್ಪಾಲ್ ಎಳೆದ್ಲು, ಮಡಿಕೆಯೊಳಗೆ ಎರಡು ಬೊಗಸೆ ನೀರು, ಅದ್ರಲ್ಲಿ ಮರಿಗಳು ಕುಣೀತಿದ್ವು. ವರ್ಷಗಟ್ಟಲೆ ಅದರ ಪಕ್ಕದಲ್ಲೇ ನೀರು ಸೇದಿದೀವಿ. ಟಾರ್ಪಾಲ್ ಇಳಿಜಾರಾಗಿ ಕಟ್ಟಿದ ಮೇಲೆ ನಾಲ್ಕನೇ ವಾರ ಆ ಡಬ್ಬದಲ್ಲಿ 9.

ಹಗಲು ಕಚ್ಚೋದು ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ರಾತ್ರಿ ಸೊಳ್ಳೆ ಹಂಗೇ ಇದೆ, ಪರದೆ ಕಟ್ಟೇ ಮಲಗ್ತೀವಿ. ಪಕ್ಕದ ಎರಡು ಮನೆಯವ್ರು ಡಬ್ಬ ಕೇಳಿದಾರೆ, ಒಂದು ಮನೆಯವ್ರು ವಾರ ವಾರ ಖಾಲಿ ಮಾಡೋಕಾಗಲ್ಲ ಅಂದ್ರು, ಅವ್ರಿಗೆ ಕೊಡ್ಲಿಲ್ಲ, ಅಲ್ಲಿಯ ಹಾಳೆ ನಾವೇ ಎತ್ತಿ ಕೊಡ್ತೀವಿ ಅಂದಿದೀನಿ.

ಒಂದು ಡೌಟು, ನಮ್ಮಲ್ಲಿ ದನಕ್ಕೆ ಹಾಕೋ ಗಿನಿ ಹುಲ್ಲು ಜಾಸ್ತಿ ಇದೆ, ಅಂಗಳದ ಗರಿಕೆ ಖಾಲಿ ಆಗ್ತಾ ಬಂತು. ಗಿನಿ ಹುಲ್ಲನ್ನ ಎಷ್ಟು ದಿನ ಕೊಳೆಸ್ಬೇಕು?

ರೆಕ್ಕೆ_ಮೀಸೆ:

ಬ್ರೆಜಿಲ್‌ನವ್ರು ಎರಡು ವಾರದ ಮೇಲೆ ಕೊಳೆಸಿದ್ದನ್ನ ಬಳಸಿದ್ರು. ನೀವು ಒಂದು ಬಕೆಟ್ ಒಂದು ವಾರದ್ದು, ಇನ್ನೊಂದು ಎರಡು ವಾರದ್ದು ಮಾಡಿ, ನಾಲ್ಕು ಡಬ್ಬಕ್ಕೆ ಅದು, ನಾಲ್ಕಕ್ಕೆ ಇದು ಹಾಕಿ, ಪ್ರತಿ ವಾರ ಜಾಗ ಅದಲುಬದಲು ಮಾಡಿ. ಇಲ್ಲಾಂದ್ರೆ ಮೊಟ್ಟೆ ಜಾಸ್ತಿ ಆಗಿದ್ದು ನೀರಿಂದನೋ ಜಾಗದಿಂದನೋ ಗೊತ್ತಾಗಲ್ಲ. ಅಮ್ಮನ ಲೆಕ್ಕದ ಪುಸ್ತಕದ ಫೋಟೋ ಹಾಕಿ, ನಂಗೂ ಬೇಕು.