ಬೈ ಟೂ ಕಾಫಿ, ಫುಲ್ ಹೊಗೆ

ಜರ್ಮನಿಯಲ್ಲಿ ಕೆಲಸದಲ್ಲಿರುವ ನಮ್ಮ ರಘು ರಜಕ್ಕೆ ಬಂದಿದ್ದ. ಹೋಟೆಲ್‌ನಲ್ಲಿ ಕೂತಿದ್ದೇ ತಡ, "ಭೂಮಿ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್ ಹೊಗೆ ಬಿಡೋದರಲ್ಲಿ ನೀವು ಜಗತ್ತಿಗೇ ಮೂರನೇ ನಂಬರ್ ಕಣ್ರೋ" ಎಂದ. ಪಾಸ್‌ಪೋರ್ಟ್ ಇನ್ನೂ ನಮ್ಮ ದೇಶದ್ದೇ, ಬಾಯಲ್ಲಿ ಮಾತ್ರ "ನೀವು".

ಸೀನ ಬಿಡ್ತಾನಾ? ಪಕ್ಕದ ಟೇಬಲ್ ತೋರಿಸಿದ. ಅಲ್ಲಿ ಒಬ್ಬರೇ ಕೂತು ಇಡ್ಲಿ, ವಡೆ, ಮಸಾಲೆ ದೋಸೆ ಮುಗಿಸಿ ಕೇಸರಿಬಾತ್‌ಗೆ ಕೈ ಹಾಕಿದ್ದರು. ನಮ್ಮಲ್ಲಿ ಆರು ಜನಕ್ಕೆ ಮೂರು ಪ್ಲೇಟ್ ಇಡ್ಲಿ, ಮೂರು ಬೈ ಟೂ ಕಾಫಿ.

"ಟೇಬಲ್ ಲೆಕ್ಕ ಹಾಕಿದರೆ ನಾವೇ ತಿಂಡಿಪೋತರು. ತಲೆ ಲೆಕ್ಕ ಹಾಕು ಮಾರಾಯ. ನಮ್ಮದು ವರ್ಷಕ್ಕೆ ತಲಾ 2 ಟನ್ ಆಸುಪಾಸು, ನಿಮ್ಮ ಜರ್ಮನಿಯದು 7."

"ದುಡ್ಡಿರೋ ದೇಶ, ಫ್ಯಾಕ್ಟರಿ ಜಾಸ್ತಿ, ಹೊಗೆ ಜಾಸ್ತಿ. ಅಷ್ಟೇ" ಎಂದ ರಘು.

ಶ್ಯಾಮಣ್ಣ ಸರ್ಕಾರಿ ಕೆಲಸದಿಂದ ರಿಟೈರ್ ಆದವರು. ಸರ್ಕಾರವನ್ನು ಬಿಟ್ಟು ಮಾತು ಮುಗಿದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ಪಕ್ಕದ ಫ್ರಾನ್ಸ್‌ನವರೇನು ಬಡವರೇನಯ್ಯಾ? ಅವರಿಗಿಂತ ನಿಮ್ಮ ಆರ್ಥಿಕತೆ ಒಂದೂವರೆ ಪಟ್ಟು ದೊಡ್ಡದು, ಒಪ್ಪಿದೆ. ಹೊಗೆ ಯಾಕೆ ಎರಡು ಪಟ್ಟು?"

ರಘು ಕಾಫಿ ಲೋಟ ತಿರುಗಿಸುತ್ತಾ ಕೂತ. ಶ್ಯಾಮಣ್ಣ ಶುರು ಮಾಡಿದರು. 1973ರಲ್ಲಿ ಎಣ್ಣೆ ಬೆಲೆ ನಾಲ್ಕು ಪಟ್ಟು ಏರಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಫ್ರಾನ್ಸ್‌ನ ಪ್ರಧಾನಿ ಮೆಸ್ಮೆರ್ 1974ರಲ್ಲಿ ಸಂಸತ್ತಿನ ಚರ್ಚೆಯನ್ನೂ ಕಾಯದೆ ಅಣು ವಿದ್ಯುತ್ ಅಂತ ತೀರ್ಮಾನ ಮಾಡಿಯೇಬಿಟ್ಟರು, ವಿದ್ಯುತ್ ಕಂಪನಿಯೂ ಸರ್ಕಾರದ್ದೇ ಆಗಿದ್ದರಿಂದ ಫೈಲ್ ಎಲ್ಲೂ ನಿಲ್ಲಲಿಲ್ಲ. ಈಗ ಅಲ್ಲಿ ಮೂರರಲ್ಲಿ ಎರಡು ಪಾಲು ಕರೆಂಟ್ ಹೊಗೆ ಬಿಡದ ಅಣುವಿನದ್ದು. ("ಫೈಲ್ ನಿಲ್ಲಲಿಲ್ಲ" ಅನ್ನುವಾಗ ಅವರ ಮುಖ ನೋಡಬೇಕಿತ್ತು, ಸ್ವತಃ ಎಷ್ಟು ಫೈಲ್ ನಿಲ್ಲಿಸಿದ್ದರೋ.)

"ಪರಿಸರದ ಮೇಲಿನ ಪ್ರೀತಿಗೆ ಮಾಡಿದ್ದಲ್ಲ ಅದು, ಎಣ್ಣೆ ಬಿಲ್ ನೋಡಿ ಹೆದರಿ ಮಾಡಿದ್ದು" ಎಂದೆ ನಾನು.

"ಹೆದರಿಯಾದರೂ ಮಾಡಿದರಲ್ಲ! ಇವರ ಜರ್ಮನಿ 2023ರ ಏಪ್ರಿಲ್‌ನಲ್ಲಿ ಉಳಿದಿದ್ದ ಮೂರು ಅಣು ಸ್ಥಾವರಕ್ಕೂ ಬೀಗ ಹಾಕಿತು. ಕಲ್ಲಿದ್ದಲು ಅಗೆಯೋದು ಮಾತ್ರ ನಿಂತಿಲ್ಲ."

"ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಗಾಳಿ, ಸೋಲಾರ್ ಅಂಥವುಗಳಿಂದಲೇ ಬರುತ್ತೆ" ರಘುವಿಗೆ ಕೊನೆಗೂ ಉಸಿರು ಬಂತು.

ಅದೂ ನಿಜವೇ. "ಗಾಳಿ ಬೀಸದ ರಾತ್ರಿ ಏನು ಮಾಡ್ತೀರಿ?" ಎಂದ ಸೀನ. ಅಷ್ಟರಲ್ಲಿ ಬಿಲ್ ಬಂತು.

"ಆರ್ಥಿಕತೆ ದೊಡ್ಡದಿರೋರು ಕೊಡಲಿ" ಎಂದು ಸೀನ ಅದನ್ನು ರಘುವಿನ ಕಡೆ ತಳ್ಳಿದ.

"ತಲಾ ಲೆಕ್ಕ ಅಂದೋನು ನೀನೇ ಅಲ್ವಾ? ನನ್ನ ಪಾಲು ಅರ್ಧ ಕಾಫಿ, ಒಂದು ಇಡ್ಲಿ."

"ಕಾಲೇಜಿಂದ ಇಲ್ಲಿವರೆಗೆ ನೀನು ಕೊಡದೆ ಎದ್ದುಹೋದ ಬಿಲ್‌ಗಳನ್ನೂ ಸೇರಿಸೋಣವಾ?"

ರಘು ಪರ್ಸ್ ತೆಗೆದ. ಒಳಗೆ ಬರೀ ಯೂರೋ ಇತ್ತು.