ಕಾರವಾರದ ಉಪ್ಪುಗಾಳಿಗೆ ಯಾವ ಲೈಕಾ? ಎಂ9, ಎಂ 240, ಕ್ಯೂ2

ಕಡಲಂಚು, ಕಾರವಾರ:
ಸೆಕೆಂಡ್ ಹ್ಯಾಂಡ್ ಲೈಕಾ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಕಣ್ಣಮುಂದೆ ಇರುವುದು ಮೂರು: ಎಂ9, ಎಂ ಟೈಪ್ 240, ಕ್ಯೂ2. ಎಂ ಬಾಡಿಗಳ ಜೊತೆ 50 ಎಂಎಂ ಎಫ್/2 ಸುಮ್ಮಿಕ್ರಾನ್ ಲೆನ್ಸ್ ಸಿಗುತ್ತದೆ. ಕೆಲಸ ಎರಡೇ: ಬೆಳಗಿನ ಜಾವ ಬೈತಖೋಲ ಬಂದರಿನಲ್ಲಿ ಮೀನು ಇಳಿಸುವ ಹೊತ್ತು, ರಾತ್ರಿ ಯಕ್ಷಗಾನ. ಲೈಕಾ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎನ್ನುವವರಿದ್ದಾರೆ, ಲೈಕಾದ ಗುರುತಾದ ಕೆಂಪು ಚುಕ್ಕೆಗೆ ಕೊಡುವ ದುಡ್ಡು ಎನ್ನುವವರೂ ಇದ್ದಾರೆ. ಇಲ್ಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ಅಡಕೆತೋಟ, ಶಿರಸಿ:
ಎಂ9 ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಲಿ. 2009ರಲ್ಲಿ ಬಂದ ಆ ಕ್ಯಾಮೆರಾದ 18 ಮೆಗಾಪಿಕ್ಸೆಲ್ ಕೊಡಾಕ್ ಸಿಸಿಡಿ ಸೆನ್ಸರ್ ಕೊಡುವ ಬಣ್ಣ ಈಗಲೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಸೆನ್ಸರ್ ಮೇಲಿನ ಕವರ್ ಗ್ಲಾಸಿನಲ್ಲಿ. ಇನ್‌ಫ್ರಾರೆಡ್ ತಡೆಯುವ ಆ ತೆಳು ಗಾಜಿಗೆ ತೇವ ಆಗದು. ಮೇಲಿನ ಲೇಪನ ಸೂಜಿಮೊನೆಯಷ್ಟು ಎದ್ದರೂ ತೇವ ಒಳಗಿಳಿದು ಗಾಜನ್ನು ತಿನ್ನತೊಡಗುತ್ತದೆ. ಎಂ9-ಪಿ, ಎಂ-ಇ ಟೈಪ್ 220, ಮೊದಲ ಎಂ ಮೋನೋಕ್ರೋಮ್ ಎಲ್ಲಕ್ಕೂ ಇದೇ ರೋಗ. ಕಂಪನಿ ಕೆಲವು ವರ್ಷ ಉಚಿತವಾಗಿ ಸೆನ್ಸರ್ ಬದಲಿಸಿಕೊಟ್ಟಿತು, ಈಗ ಆ ಬಾಗಿಲು ಮುಚ್ಚಿದೆ. ಆರಿದ್ರಾ ಮಳೆಗೆ ಅಟ್ಟದ ಮೇಲಿನ ಅಡಿಕೆಗೇ ಬೂಷ್ಟು ಬರುವ ಸೀಮೆ ನಮ್ಮದು.

ಆದರೂ ಮನಸ್ಸು ಅಲ್ಲೇ ನಿಂತಿದ್ದರೆ ಹೀಗೆ ನೋಡಿ. ಐಎಸ್‌ಒ 160, ಎಫ್/16, ಫೋಕಸ್ ಇನ್‌ಫಿನಿಟಿಗೆ ಇಟ್ಟು, ಹತ್ತಿರದಿಂದ ಬಿಳಿಗೋಡೆಯ ಫೋಟೋ ತೆಗೆಯಿರಿ. ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ. ಬರಿಯ ಧೂಳಾದರೆ ಕಪ್ಪು ಚುಕ್ಕೆ, ಬ್ಲೋವರ್‌ನಿಂದ ಊದಿದರೆ ಜಾಗ ಬದಲಿಸುತ್ತದೆ ಅಥವಾ ಹೋಗುತ್ತದೆ. ಗಾಜು ತಿಂದಿದ್ದರೆ ಚುಕ್ಕೆಯ ಸುತ್ತ ತಿಳಿ ಉಂಗುರ ಕಾಣುತ್ತದೆ, ಒದ್ದೆ ಸ್ವಾಬ್‌ನಿಂದ ಒರೆಸಿದರೂ ಅಲ್ಲೇ ಇರುತ್ತದೆ. "ಸೆನ್ಸರ್ ಬದಲಿಸಿದೆ" ಎಂದರೆ ಸರ್ವೀಸ್ ಬಿಲ್ಲು ಕೇಳಿ, ಬಾಯಿಮಾತು ನಂಬಬೇಡಿ.

240ಕ್ಕೆ ಈ ರೋಗವಿಲ್ಲ. ಅದರದು ಬೇರೆ ಬಗೆಯ ಸಿಮಾಸ್ ಸೆನ್ಸರ್, ಬ್ಯಾಟರಿಯೂ ದೊಡ್ಡದು. ನಿಮಗೆ ನನ್ನ ಮತ ಅದಕ್ಕೇ.

ಕಾಳಿಸಂಗಮ, ಸದಾಶಿವಗಡ:
240ರ ಬಾಡಿಯಲ್ಲಿ ನೀರು ತಡೆಯುವ ಸೀಲ್ ಇದ್ದೇನು ಬಂತು ಮಾರಾಯ್ರೆ, ಎಂ ಲೆನ್ಸುಗಳ ಹಿಂಬದಿಯಲ್ಲಿ ರಬ್ಬರ್ ರಿಂಗೇ ಇಲ್ಲವಲ್ಲ. ನೀರು ಇಳಿಯುವುದು ಲೆನ್ಸ್ ಕೂರುವ ಮೌಂಟಿನಿಂದ. ಬಂದರಿನ ಕೆಲಸಕ್ಕೆ ಕ್ಯೂ2 ಮೇಲು: ಲೆನ್ಸ್ ಬಿಚ್ಚುವ ಪ್ರಶ್ನೆಯೇ ಇಲ್ಲ, ಧೂಳು-ನೀರು ತಡೆಯುವ ಐಪಿ52 ದರ್ಜೆಯೂ ಇದೆ.

ಆದರೆ ಆ 52 ಅಂದರೇನು ಎಂದು ಸರಿಯಾಗಿ ತಿಳಿದುಕೊಳ್ಳಿ. 5 ಎಂದರೆ ಕೆಡುವಷ್ಟು ಧೂಳು ಒಳಹೋಗದು. 2 ಎಂದರೆ ಮೇಲಿನಿಂದ ತೊಟ್ಟಿಕ್ಕುವ ನೀರು, ಕ್ಯಾಮೆರಾ 15 ಡಿಗ್ರಿ ವಾಲಿದ್ದರೂ ತಡೆಯುತ್ತದೆ ಎಂದಷ್ಟೇ. ಎಲ್ಲ ದಿಕ್ಕಿನ ಎರಚಲಿಗೆ 4 ಬೇಕು, ಅದು ಲೈಕಾದ್ದೇ ಇನ್ನೊಂದು ಕ್ಯಾಮೆರಾ ಎಸ್‌ಎಲ್2ರಲ್ಲಿದೆ. ಈ ಪರೀಕ್ಷೆಗಳೆಲ್ಲ ಸಿಹಿನೀರಿನವು, ಉಪ್ಪುನೀರಿಗೆ ಯಾವುದೂ ಭರವಸೆಯಲ್ಲ. ಒಣಗಿದ ಉಪ್ಪು ಗಾಳಿಯ ತೇವ ಎಳೆದುಕೊಂಡು ಡಯಲ್ ಸಂದಿ, ಸ್ಟ್ರ್ಯಾಪ್ ಕೊಂಡಿಗಳಲ್ಲಿ ಕೂರುತ್ತದೆ. ಬಂದರಿನಿಂದ ಬಂದ ದಿನವೇ ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿ, ಮತ್ತೆ ಒಣಬಟ್ಟೆ.

ಯಕ್ಷಗಾನಕ್ಕೆ: ಈಗ ರಂಗಸ್ಥಳದಲ್ಲಿ ಎಲ್‌ಇಡಿ ಹೆಚ್ಚು. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳುತ್ತದೆ. ಕ್ಯೂ2ರ ಲೆನ್ಸಿನೊಳಗಿನ ಲೀಫ್ ಶಟರ್ ಸದ್ದು ತೀರಾ ಕಡಿಮೆ, ಅದನ್ನೇ ಬಳಸಿ. ನಿಂತ ಭಂಗಿಗೆ 1/100 ಸೆಕೆಂಡ್, ಗಿರಕಿ ಹೊಡೆಯುವ ಧೀಂಗಿಣಕ್ಕೆ 1/500ಕ್ಕಿಂತ ಕೆಳಗೆ ಬೇಡ. ಕೊರತೆ ಒಂದೇ, ಲೆನ್ಸ್ 28 ಎಂಎಂ. ಕ್ರಾಪ್ ಮಾಡಿದರೆ 50ಕ್ಕೆ 14.7 ಮೆಗಾಪಿಕ್ಸೆಲ್ ಉಳಿಯುತ್ತದೆ, 75ಕ್ಕೆ 6.6. ವೇಷದ ಮುಖವರ್ಣಿಕೆ ತುಂಬಿಸಿ ದೊಡ್ಡ ಪ್ರಿಂಟ್ ಹಾಕಲು ಸಾಲದು. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚುವಾಗ ಮಾತ್ರ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಸಿಗುವುದು ಕಷ್ಟ.

ದೀಪಸ್ತಂಭ, ಹೊನ್ನಾವರ:
240 ಕೊಂಡರೆ ಮೊದಲು ರೇಂಜ್‌ಫೈಂಡರ್, ಅಂದರೆ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಸಾಧನ, ನೋಡಿ. ಕಾರವಾರ ಬೀಚಿನಲ್ಲಿ ನಿಂತು ದೇವಗಡ ದ್ವೀಪದ ದೀಪಸ್ತಂಭಕ್ಕೆ ಹಿಡಿದು ಲೆನ್ಸನ್ನು ಇನ್‌ಫಿನಿಟಿ ಮುಟ್ಟುವವರೆಗೆ ತಿರುಗಿಸಿ. ಎರಡು ಬಿಂಬ ಅಲ್ಲಿಗೇ ಕೂಡಬೇಕು. ಮುಂಚೆಯೇ ಕೂಡಿ ದಾಟಿದರೆ, ಅಥವಾ ಕೂಡದೆ ಉಳಿದರೆ, ಅಲೈನ್‌ಮೆಂಟ್ ತಪ್ಪಿದೆ. ಮೇಲೆ-ಕೆಳಗೆ ಸರಿದಿದ್ದರೆ ಅದು ಬೇರೆ ದೋಷ, ಬಿದ್ದ ಕ್ಯಾಮೆರಾ ಇರಬಹುದು. ಆಮೇಲೆ 1 ಮೀಟರ್‌ನಲ್ಲಿ ಓರೆಯಾಗಿಟ್ಟ ಸ್ಕೇಲ್ ಮೇಲೆ ಎಫ್/2ರಲ್ಲಿ ಐದು ಸಲ ತೆಗೆಯಿರಿ. ಪ್ರತಿ ಸಲವೂ ಒಂದೇ ಕಡೆಗೆ ತಪ್ಪಿದರೆ ದೋಷ ಯಂತ್ರದ್ದು, ಅತ್ತಿತ್ತ ಆದರೆ ನಿಮ್ಮ ಕೈಯದು.

ಮೌಂಟಿನ ಒಳಗೆ ಕಾಣುವ ರೋಲರ್ ತೋಳಿನ ಸ್ಕ್ರೂಗೆ ನೀವೇ ಕೈ ಹಾಕಬೇಡಿ. ದೂರ ಸರಿಪಡಿಸಲು ಹೋದರೆ ಹತ್ತಿರ ಕೆಡುತ್ತದೆ. ಬೈಕಿನ ಟ್ಯಾಂಕ್ ಬ್ಯಾಗಿನಲ್ಲಿ ದೇವಿಮನೆ ಘಾಟಿ ಹತ್ತಿಸುವುದೂ ಈ ಯಂತ್ರಕ್ಕೆ ಒಳ್ಳೆಯದಲ್ಲ, ಬೆನ್ನಿಗೆ ಹಾಕಿಕೊಳ್ಳಿ.

ಬಾಳಿಕೆ, ದುಡ್ಡಿನ ಮಾತಿಗೆ ಬಂದರೆ, ದುಡ್ಡು ಉಳಿಯುವುದು ಬಾಡಿಯಲ್ಲಲ್ಲ, ಲೆನ್ಸಿನಲ್ಲಿ. 1954ರ ಎಂ3 ಜೊತೆ ಬಂದ ಲೆನ್ಸ್ ಇಂದಿನ ಎಂ11ಕ್ಕೂ ಕೂರುತ್ತದೆ. ಸುಮ್ಮಿಕ್ರಾನ್ ಒಳಗೆ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಬೂಷ್ಟಿನ ಎಳೆ ಇದೆಯೇ ನೋಡಿ. ಗಾಜು ಶುದ್ಧವಿದ್ದರೆ ಬಾಡಿಗಿಂತ ಮೊದಲು ಅದನ್ನು ಹಿಡಿಯಿರಿ.

ಕಡಲಂಚು, ಕಾರವಾರ:
240 ಎಂದೇ ಇಟ್ಟುಕೊಳ್ಳೋಣ. ಮಳೆಗಾಲದಲ್ಲಿ ಅಕ್ಕಿ ಡಬ್ಬದಲ್ಲಿ ಇಟ್ಟರೆ ಸಾಕೇ?

ಅಡಕೆತೋಟ, ಶಿರಸಿ:
ಅಕ್ಕಿ ಬೇಡ, ಅದರ ಹಿಟ್ಟು ಫೋಕಸ್ ರಿಂಗಿಗೆ ಸೇರುತ್ತದೆ. ನುಸಿಗುಳಿಗೆ, ಕರ್ಪೂರವೂ ಬೇಡ, ಆವಿ ಗಾಜಿನ ಮೇಲೆ ಪೊರೆಯಾಗಿ ಕೂರುತ್ತದೆ. ಡ್ರೈ ಕ್ಯಾಬಿನೆಟ್ (ತೇವ ಹಿಡಿತದಲ್ಲಿಡುವ ಪೆಟ್ಟಿಗೆ) ಇದ್ದರೆ ತೇವಾಂಶ 45 ಶೇಕಡಾಕ್ಕೆ ಇಡಿ. ತೀರಾ ಇಳಿಸಿದರೆ ಲೆನ್ಸಿನ ಗ್ರೀಸ್ ಒಣಗುತ್ತದೆ. ಇಲ್ಲವಾದರೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ಮುಳ್ಳು 60 ದಾಟಿದರೆ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿಗೆ ಒಣಗಿಸಿ, ಆರಿದ ಮೇಲೆ ವಾಪಸ್ ಹಾಕಿ. ಚರ್ಮದ ಕೇಸ್ ಮಾತ್ರ ಆ ಡಬ್ಬಿಗೆ ಹಾಕಬೇಡಿ, ಬೂಷ್ಟು ಮೊದಲು ಹಿಡಿಯುವುದೇ ಅದಕ್ಕೆ.