ಮೂಳೆ ಗ್ರಾಫ್ಟ್, ಇಂಪ್ಲಾಂಟ್ ಎರಡೂ ಒಂದೇ ದಿನ ಮಾಡಿಸಿಕೊಂಡವರು ಇದ್ದೀರಾ?

ಕೇಳಿದವರು: ಕೆಳಗಿನ ದವಡೆ ಹಲ್ಲು ಕಿತ್ತು ಎಂಟು ತಿಂಗಳಾಯ್ತು. ಮೂಳೆ ಕರಗಿ ತೆಳುವಾಗಿದೆಯಂತೆ. ಒಬ್ಬ ಡಾಕ್ಟರು ಗ್ರಾಫ್ಟ್ (ಮೂಳೆ ಬೆಳೆಯಲು ಆ ಜಾಗಕ್ಕೆ ಪುಡಿ ತುಂಬುವುದು), ಇಂಪ್ಲಾಂಟ್ (ಹೊಸ ಹಲ್ಲು ಕೂರಿಸಲು ಮೂಳೆಗೆ ಹಾಕುವ ಸ್ಕ್ರೂ) ಒಂದೇ ಸಲ ಮುಗಿಸೋಣ ಅಂದರು. ಇನ್ನೊಬ್ಬರು ಮೊದಲು ಗ್ರಾಫ್ಟ್ ಮಾಡೋಣ, ಉಳಿದದ್ದು ಆಮೇಲೆ ಅಂದರು. ಮಾಡಿಸಿಕೊಂಡವರು ಹೇಳಿ.

ಮೊದಲ ಉತ್ತರ: ಒಂದೇ ಸಲ ಮಾಡಿಸಿಕೊಳ್ಳಿ. ನನ್ನದು ಮೇಲಿನ ದವಡೆ, ಸೈನಸ್ ಲಿಫ್ಟ್ ಕೂಡ ಇತ್ತು, ಅಂದರೆ ಮೇಲಿನ ಹಲ್ಲುಗಳ ಮೇಲಿರುವ ಗಾಳಿಗೂಡಿನ (ಸೈನಸ್) ತಳದ ಪೊರೆ ಎತ್ತಿ ಪುಡಿ ತುಂಬುವುದು. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) ಸೈನಸ್ ಕೆಳಗೆ 6 ಮಿ.ಮೀ. ಮೂಳೆ ಕಂಡಿತ್ತು. ಸ್ಕ್ರೂ ಬಿಗಿಯಾಗಿ ಕೂತರೆ ಮಾತ್ರ ಇವತ್ತೇ, ಇಲ್ಲದಿದ್ದರೆ ಪುಡಿ ತುಂಬಿ ಹೊಲಿಗೆ ಹಾಕಿ ಕಳಿಸುತ್ತೇನೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಟಾರ್ಕ್ (ಸ್ಕ್ರೂ ಎಷ್ಟು ಬಿಗಿ ಅನ್ನುವ ಅಳತೆ) 35 ಬಂತು, ಅವತ್ತೇ ಮುಗಿಸಿದರು. ಮೂರನೇ ದಿನ ಕೆನ್ನೆ ಊದಿ ಕಣ್ಣಿನ ಕೆಳಗೆಲ್ಲ ನೀಲಿ. ಎರಡು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಆರು ತಿಂಗಳ ಮೇಲೆ ಕ್ಯಾಪ್ ಹಾಕಿದರು. ನಾಲ್ಕು ವರ್ಷವಾಯ್ತು, ಅಲ್ಲಾಡಿಲ್ಲ. ಒಂದೇ ಸಲ ಇಂಜೆಕ್ಷನ್, ಒಂದೇ ಸಲ ಊತ. ಸುಮ್ನೆ ಎರಡು ಸಲ ಯಾಕೆ ಕುಯ್ಯಿಸಿಕೊಳ್ಳಬೇಕು?

ಎರಡನೇ ಉತ್ತರ: ಹೀಗೆ ಬರೆಯುವವರನ್ನು ನಂಬಿಯೇ ನಾನು ಕೆಟ್ಟೆ. ಕೆಳಗಿನ ದವಡೆ, ಮೂಳೆಯ ಅಗಲ 5 ಮಿ.ಮೀ., ಸ್ಕ್ರೂವಿನ ದಪ್ಪ 4 ಮಿ.ಮೀ. ಕೆನ್ನೆಯ ಕಡೆ ಸ್ಕ್ರೂವಿನ ಸುತ್ತು (ಥ್ರೆಡ್) ಹೊರಗೇ ಕಾಣುತ್ತಿತ್ತಂತೆ. ಅದರ ಮೇಲೆ ಪುಡಿ ಹಾಕಿ, ಮೆಂಬ್ರೇನ್ (ಪುಡಿಯನ್ನು ಹಿಡಿದಿಡುವ ತೆಳು ಪೊರೆ) ಮುಚ್ಚಿ ಹೊಲಿದರು. ಒಂಬತ್ತನೇ ದಿನ ಬೆಳಿಗ್ಗೆ ನಾಲಿಗೆಗೆ ಮರಳು ಸಿಕ್ಕಂತಾಯ್ತು. ಉಗುಳಿದರೆ ಬಿಳಿ ಕಾಳು. ಕನ್ನಡಿ ಮುಂದೆ ನಿಂತು ನೋಡಿದರೆ ಹೊಲಿಗೆ ಬಿಟ್ಟಿತ್ತು. ಏಳನೇ ವಾರ ಸ್ಕ್ರೂ ಅಲ್ಲಾಡತೊಡಗಿತು. ಡಾಕ್ಟರು ಬೆರಳಲ್ಲೇ ತಿರುಗಿಸಿ ತೆಗೆದರು. ನೋವೂ ಆಗಲಿಲ್ಲ, ಅದೇ ಹೆಚ್ಚು ಸಂಕಟ.

ಆಮೇಲಿನ ಲೆಕ್ಕ ಕೇಳಿ. ಹೊಸ ಸ್ಕ್ಯಾನ್. ಗ್ರಾಫ್ಟ್ ಎರಡನೇ ಸಲ, ಮೊದಲಿಗಿಂತ ಜಾಸ್ತಿ ಪುಡಿ, ಯಾಕೆಂದರೆ ಹಳ್ಳ ಇನ್ನೂ ದೊಡ್ಡದಾಗಿತ್ತು. ಮೆಂಬ್ರೇನಿಗೆ ಬೇರೆ ಬಿಲ್, ಅದನ್ನು ಕೂರಿಸುವ ಪಿನ್‌ಗಳಿಗೆ ಬೇರೆ. ಆರು ತಿಂಗಳು ಕಾದೆ. ಹೊಸ ಸ್ಕ್ರೂ. ಮತ್ತೆ ನಾಲ್ಕು ತಿಂಗಳು. ಒಟ್ಟು 17 ಸಲ ಓಡಾಟ, 14 ದಿನ ರಜೆ. ಒಂದೇ ಸಲ ಮುಗಿಯುತ್ತದೆ ಅಂತ ಶುರು ಮಾಡಿದ್ದು ಇದು.

ಮೊದಲ ಉತ್ತರದವರು: ಸರ್, ಸಿಗರೇಟ್ ಬಿಟ್ಟಿದ್ರಾ? ಹೊಲಿಗೆ ಬಿಡಲು ಅದೂ ಒಂದು ದೊಡ್ಡ ಕಾರಣ.

ಎರಡನೇ ಉತ್ತರದವರು: ಜೀವನದಲ್ಲಿ ಸಿಗರೇಟ್ ಮುಟ್ಟಿಲ್ಲ. ಗೊತ್ತಿಲ್ಲದೆ ಆರೋಪ ಹೊರಿಸಬೇಡಿ. ನನ್ನ ಮೂರು ತಿಂಗಳ ಸರಾಸರಿ ಶುಗರ್ (HbA1c) ಶೇ. 8.4 ಇತ್ತು, ಅಂದರೆ ಜಾಸ್ತಿ, ಅದನ್ನು ನೋಡದೆ ಕುರ್ಚಿಯಲ್ಲಿ ಕೂರಿಸಿದರು. ಇನ್ನೊಂದು ಮಾತು. ಪುಡಿ ಅವತ್ತೇ ಸ್ಕ್ರೂ ಹಿಡಿಯುವುದಿಲ್ಲ. ಹಿಡಿಯಬೇಕಾದದ್ದು ನಮ್ಮದೇ ಮೂಳೆ. ನಿಮಗೆ 6 ಮಿ.ಮೀ. ಇತ್ತು, ಹಿಡಿಯಿತು. ಅದನ್ನು ಎಲ್ಲರಿಗೂ ಹೇಳಬೇಡಿ.

ಮೂರನೇ ಉತ್ತರ: ನಾನು ಎರಡು ಹಂತದಲ್ಲೇ ಮಾಡಿಸಿಕೊಂಡೆ. ಸೈನಸ್ ಕೆಳಗೆ ಉಳಿದಿದ್ದೇ 2 ಮಿ.ಮೀ., ಸ್ಕ್ರೂ ನಿಲ್ಲಲು ಜಾಗವೇ ಇರಲಿಲ್ಲ. ಎಂಟು ತಿಂಗಳು ಕಾದ ಮೇಲೆ ಇಂಪ್ಲಾಂಟ್, ಅದು ಚೆನ್ನಾಗಿದೆ. ನನಗೆ ಸಿಟ್ಟು ಇರುವುದು ಪುಡಿಯ ಬಗ್ಗೆ. ಅದು ಹಸುವಿನ ಮೂಳೆಯದು ಅಂತ ಫೈಲಿನಲ್ಲಿ ಅಂಟಿಸಿದ ಸ್ಟಿಕ್ಕರ್ ಓದಿದಾಗ ಗೊತ್ತಾಯ್ತು.

ಮೊದಲ ಉತ್ತರದವರು: ಮೇಡಂ, ಅದರಲ್ಲಿ ಮಾಂಸದ ಅಂಶವನ್ನೆಲ್ಲ ತೆಗೆದು ಖನಿಜ ಮಾತ್ರ ಉಳಿಸಿರುತ್ತಾರೆ. ಇಷ್ಟಕ್ಕೆ ಗಲಾಟೆ ಯಾಕೆ?

ಮೂರನೇ ಉತ್ತರದವರು: ಬಾಯಿ ನನ್ನದು, ಅದಕ್ಕೆ. ಸಿಂಥೆಟಿಕ್ ಪುಡಿಯೂ ಸಿಗುತ್ತದೆ ಅಲ್ವಾ? ಕೇಳಿ ಹಾಕಬೇಕಿತ್ತು.

ಎರಡನೇ ಉತ್ತರದವರು: ಪುಡಿ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಕೇಳಿದವರಿಗೆ ಬೇಕಿರುವುದು ಅದಲ್ಲ.

ಮೂರನೇ ಉತ್ತರದವರು: ನಿಮ್ಮ ಸ್ಕ್ರೂ ಕಥೆ ಎಲ್ಲರೂ ಓದಬೇಕು, ನನ್ನದು ಮಾತ್ರ ಬೇರೆ ಕಡೆನಾ? ನಾನು ಸಹಿ ಹಾಕಿದ ಕಾಗದದಲ್ಲಿ ‘ಬೋನ್ ಗ್ರಾಫ್ಟ್’ ಅಂತ ಎರಡೇ ಪದ ಇತ್ತು. ಯಾವುದರ ಮೂಳೆ ಅಂತ ಬರೆಯಲು ಇನ್ನೊಂದು ಪದ ಸಾಕಿತ್ತು.